ಮೂತಿಗೆ ಬಳಿದ ಅರಗು

ಭಾನುವಾರ, ೧೬ ನವೆಂಬರ್ ೨೦೨೫

ಸೆರಗಿನ ಮಣ್ಣನ್ನೂ ತೊಳೆಯದೆ ಬರೆಯಲು ಕೂತಿದ್ದೇನೆ.

ರಿಮೋಟಿನಿಂದ ಹಾರಿಸುವ ಆಟದ ವಿಮಾನಗಳನ್ನು ಆಕಾಶದಲ್ಲಿ ಲಾಗ ಹೊಡೆಸುವ ಸ್ಪರ್ಧೆಗೆ ಸೇರಿದ್ದೆ; ಅಂಗಡಿಯ ವಿಮಾನದ ಬೆಲೆ ಕೈಗೆಟುಕಲಿಲ್ಲ. ಹಳೆಯ ಎಂಜಿನ್ನೊಂದನ್ನು ಕೊಂಡು, ಅದಕ್ಕೊಪ್ಪುವ ಪುಟ್ಟ ಮರದ ವಿಮಾನವನ್ನು ಅಸ್ಗರ್ ಅವರಿಂದ ಮಾಡಿಸಿದೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು, ನನ್ನ ಗೆಳತಿ ನಿಖಾತಳ ಗಂಡ. ಚೆಂದ ಕಾಣಲೆಂದು ಬೊಂಬೆಗೆ ಹಚ್ಚುವ ಕೆಂಪು ಅರಗನ್ನೇ ವಿಮಾನದ ಮೂತಿಗೂ ಬಳಿದಿದ್ದರು. ನೋಡಿ ಹಿಗ್ಗಿದೆ. ಎಂಜಿನ್ ಕಾದರೆ ಅರಗು ಕರಗುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಇವತ್ತು ಸಾತನೂರಿನ ಬಯಲಲ್ಲಿ ಮೊದಲ ಲಾಗ ಸೊಗಸಾಗಿ ಬಂತು. ಎರಡನೆಯದರಲ್ಲಿ ವೇಗ ತಗ್ಗಿಸಹೋದೆ. ತಗ್ಗಲಿಲ್ಲ. ಕರಗಿದ ಅರಗು ಇಳಿದು ಎಂಜಿನ್ನಿನ ವೇಗ ಏರಿಸಿ ಇಳಿಸುವ ಪುಟ್ಟ ಸನ್ನೆಕೋಲನ್ನು ಕಚ್ಚಿಕೊಂಡಿತ್ತು. ವಿಮಾನ ಕಿರುಚುತ್ತ, ಗಂಡನೊಡನೆ ನೋಡಲು ಬಂದಿದ್ದ ನಿಖಾತಳ ಕಡೆಗೇ ನೇರ ನುಗ್ಗಿತು. "ಕೂತ್ಕೊಳೇ!" ಎಂದು ಅರಚಿದೆನಂತೆ. ನನಗೆ ನೆನಪಿರುವುದು ಅವಳ ದುಪಟ್ಟಾ ಹಾರಿದ್ದು ಮಾತ್ರ. ವಿಮಾನ ಅವಳ ಹಿಂದೆ ನೆಲಕ್ಕಪ್ಪಳಿಸಿತು.

ಧೂಳು ಕೊಡವಿಕೊಂಡು ಎದ್ದವಳು ಗಂಡನಿಗೆ, "ಏನ್ರೀ, ನನ್ನ ಮುಗಿಸ್ಬುಡಕ್ಕೆ ಬಣ್ಣ ಬಳ್ದಿದ್ರಾ?" ಎಂದಳು. ಅಸ್ಗರ್ ನಗಲಿಲ್ಲ. ಅವಳ ಕೈ ಹಿಡಿದುಕೊಂಡು, "ಏಟಾಯ್ತಾ? ಎಲ್ಲಾದ್ರೂ ಏಟಾಯ್ತಾ?" ಎಂದಷ್ಟೇ ಕೇಳುತ್ತಿದ್ದರು.

ಅದು ನನಗೆ ದೂರದಿಂದ ಕೇಳಿಸಿತು. ಯಾಕೆಂದರೆ ನಾನು ಆಗಲೇ ಅವಳನ್ನು ದಾಟಿಕೊಂಡು ವಿಮಾನದ ಹತ್ತಿರ ಓಡಿದ್ದೆ. ಮಣ್ಣಿನಲ್ಲಿ ಮೊಣಕಾಲೂರಿ ಎಂಜಿನ್ನನ್ನು ಸೆರಗಿನಿಂದ ಒರೆಸುತ್ತಿದ್ದೆ. ನಾನು! ಇಪ್ಪತ್ತು ವರ್ಷದ ಗೆಳತಿಯನ್ನು ದಾಟಿಕೊಂಡು!

ಈಗಷ್ಟೇ ನಿಖಾತ್ ಫೋನ್ ಮಾಡಿದ್ದಳು. ಬಯ್ಯಲಿಲ್ಲ. "ಎಂಜಿನ್ ಉಳ್ಕೊಂಡ್ತೇನೇ?" ಎಂದು ಕೇಳಿದಳು.

ಹೂಂ ಅಂದೆ. ಅದೊಂದನ್ನೇ ಅಂದೆ. ಅವಳಿಗೆ ಏಟಾಯಿತೇ ಎಂದು ಆಗಲೂ ಕೇಳಲಿಲ್ಲ.