ಗವಾಕ್ಷಿ ಮುಚ್ಚಿ ಎಂದ ಕರಪತ್ರಕ್ಕೆ ಒಂದು ವಾಕ್ಯ ಸೇರಿಸಿ

ಮಾನ್ಯ ಆರೋಗ್ಯಾಧಿಕಾರಿಗಳೇ,

ಹೂಬಿಡುವ ಕಾಲದ ಅಲರ್ಜಿಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಉಪಾಯಗಳೆಂದು ತಮ್ಮ ಕಚೇರಿ ಮನೆಮನೆಗೆ ಹಂಚುವ ಕರಪತ್ರ ಹೋದ ವರ್ಷ ನನ್ನ ಅಕ್ಕನನ್ನು ಕೊಂದಿತು. ಮಾತು ಕಟುವಾಯಿತು ಅನ್ನಿಸಿದರೆ ಕ್ಷಮಿಸಿ. ಮೆತ್ತಗೆ ಬರೆದ ನನ್ನ ಅರ್ಜಿಗಳು ತಮ್ಮ ಕಡತದಲ್ಲೇ ಇವೆ. ಬೇಕಾದರೆ ಅವನ್ನು ಓದಿಕೊಳ್ಳಬಹುದು.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಆ ಕರಪತ್ರ ಅಚ್ಚಾಗಿದ್ದು ನಮ್ಮಲ್ಲೇ, ಅದರ ಕಾಗುಣಿತ ತಿದ್ದಿದ್ದೂ ನಾನೇ. ‘ಉಚ್ಛ್ವಾಸ’ದ ಒತ್ತಕ್ಷರ ಸರಿಪಡಿಸಿ, ಒಂದು ಪ್ರತಿಯನ್ನು ಜೇಬಿಗೆ ಹಾಕಿಕೊಂಡು ಖುಷಿಯಿಂದಲೇ ಮನೆಗೆ ಹೋದೆ. ಅಕ್ಕ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಬೀದಿಯ ಮರಗಳು ಹೂಬಿಟ್ಟರೆ ಸಾಕು, ಸೀನಿ ಸೀನಿ ಸೂಜಿಗೆ ದಾರ ಪೋಣಿಸಲೂ ಅವಳಿಂದ ಆಗುತ್ತಿರಲಿಲ್ಲ. ಕಣ್ಣು ಊದಿ, ಉಸಿರು ಕಟ್ಟಿ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕರಪತ್ರದ ಮೊದಲ ಸಲಹೆ: ಕಿಟಕಿ, ಗವಾಕ್ಷಿಗಳ ಸಂದುಗೊಂದುಗಳನ್ನೆಲ್ಲ ಗಾಳಿಯಾಡದಂತೆ ಮುಚ್ಚಿ. ಕೊನೆಯದು: ಹೊರಗಿನಿಂದ ಬಂದ ಕೂಡಲೇ ತಲೆಗೂದಲಲ್ಲಿನ ಪರಾಗ ಹೋಗುವಂತೆ ಬಿಸಿನೀರಿನ ಸ್ನಾನ ಮಾಡಿ. ತಮ್ಮ ಮಾತನ್ನು ನಮ್ಮಷ್ಟು ಚಾಚೂ ತಪ್ಪದೆ ಪಾಲಿಸಿದ ಮನೆ ಇನ್ನೊಂದಿರಲಾರದು. ಸ್ಟೂಲು ಹತ್ತಿ ಬಚ್ಚಲುಮನೆಯ ಗವಾಕ್ಷಿಗೆ ಟೇಪು ಹಚ್ಚಿದವನು ನಾನು. ಕೆಳಗೆ ಸ್ಟೂಲು ಹಿಡಿದು ನಿಂತವಳು ಅವಳು. ಅದೇ ಗೋಡೆಯಲ್ಲಿ ಗ್ಯಾಸ್ ಗೀಸರ್ ಇತ್ತು.

ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಹೊಲಿದ ಬಟ್ಟೆ ಕೊಟ್ಟು ಬಂದಳು. "ಬಾಗಿಲು ಹಾಕೋ ಬೇಗ, ಮೈಯೆಲ್ಲ ಅದೇ ಪುಡಿ. ಸ್ನಾನ ಮಾಡ್ಕೊಂಡು ಬಂದು ಟೀ ಮಾಡ್ತೀನಿ," ಅಂದಳು. ನೀರು ಬೀಳುವ ಸದ್ದು ಕೇಳುತ್ತಿತ್ತು. ಆ ಸದ್ದಿನ ಧೈರ್ಯದಲ್ಲಿ ನಾನು ಕರಡು ನೋಡುತ್ತ ಕೂತೆ. ಸೀನು ಕೇಳಿಸುತ್ತಿಲ್ಲ ಎಂದು ಹೊಳೆದಾಗ, ಹಾಳಾದ್ದು, ಸಮಾಧಾನವೇ ಆಯಿತು. ಆಮೇಲೆ ಕರೆದೆ. ಬಾಗಿಲು ಬಡಿದೆ. ಚಿಲಕ ಮುರಿದು ಒಳಗೆ ಹೋದಾಗ ಗೀಸರ್ ಇನ್ನೂ ಉರಿಯುತ್ತಿತ್ತು, ಅಕ್ಕ ನೆಲದ ಮೇಲಿದ್ದಳು. ಆಸ್ಪತ್ರೆಯಲ್ಲಿ ವೈದ್ಯರು, "ಗಾಳಿ ಆಡದ ಕಡೆ ಗ್ಯಾಸ್ ಉರಿದ್ರೆ ವಿಷದ ಗಾಳಿ ಆಗತ್ತೆ. ಅದಕ್ಕೆ ವಾಸನೆ ಇರಲ್ಲ," ಎಂದು ಹೇಳಿ, ನನ್ನ ಮುಖ ನೋಡಿ ಕೇಳಿದರು: "ಕಿಂಡಿ ಮುಚ್ಚಿದ್ದು ಯಾರು?"

ತಮ್ಮ ಕಚೇರಿಗೆ ಹೋದೆ. ಗುಮಾಸ್ತರು ಸಭ್ಯರು, ಕೂರಲು ಕುರ್ಚಿ ಕೊಟ್ಟರು. "ನೋಡಿ, ಇದು ಅಲರ್ಜಿ ಕರಪತ್ರ. ಗೀಸರ್ ನಮ್ಮ ವಿಭಾಗಕ್ಕೆ ಬರಲ್ಲ," ಅಂದರು. ಹಾಗಾದರೆ ಸತ್ತವಳು ಯಾವ ವಿಭಾಗಕ್ಕೆ ಬರುತ್ತಾಳೆ ಮಾನ್ಯರೇ? ಮೂಗು ತಮ್ಮದು, ಶ್ವಾಸಕೋಶ ಮಾತ್ರ ಬೇರೆ ಕಚೇರಿಯದೇ? ಕಣ್ತಪ್ಪಿನಿಂದ ಒಂದು ವಾಕ್ಯ ಬಿಟ್ಟುಹೋಯಿತು ಎಂದಿದ್ದರೆ ಒಪ್ಪುತ್ತಿದ್ದೆ. ನನ್ನ ಕಣ್ಣೂ ತಪ್ಪಿದೆ. ಆದರೆ ತೋರಿಸಿಕೊಟ್ಟ ಮೇಲೂ? ಈ ವರ್ಷ ಅದೇ ಕರಪತ್ರ ಒಂದಕ್ಷರವೂ ಬದಲಾಗದೆ ನನ್ನ ಮೇಜಿಗೆ ಬಂತು. ಅಂಚಿನಲ್ಲಿ ಒಂದು ವಾಕ್ಯ ಸೇರಿಸಿ ಕಳಿಸಿದೆ. ತಮ್ಮವರು ಅದರ ಮೇಲೆ ಕೆಂಪು ಗೆರೆ ಎಳೆದು, ‘ಮೂಲದಲ್ಲಿಲ್ಲ’ ಎಂದು ಬರೆದು ವಾಪಸು ಕಳಿಸಿದರು. ಕರಪತ್ರ ಹಾಗೇ ಅಚ್ಚಾಯಿತು, ಹಂಚಿಯೂ ಆಯಿತು.

ಮೊನ್ನೆ ಎದುರುಮನೆಯ ಶಿಕ್ಷಕಿ ಅದನ್ನು ಕೈಯಲ್ಲಿ ಹಿಡಿದು ಬಚ್ಚಲುಮನೆಯ ಗವಾಕ್ಷಿಗೆ ಟೇಪು ಹಚ್ಚುತ್ತಿರುವುದು ಕಂಡಿತು. ಓಡಿಹೋಗಿ ಬೇಡ ಎಂದೆ.

"ಆಫೀಸಿನವರೇ ಮುಚ್ಚಿ ಅಂದಿದಾರಲ್ಲ ಅಣ್ಣ. ತಿಳಿದೋರು ಸುಮ್ನೆ ಬರೀತಾರಾ?"

"ನಮ್ಮಕ್ಕನೂ ಹಾಗೇ ಅಂದ್ಲು ಕಣಮ್ಮ."

ಆಕೆ ಟೇಪು ಕಿತ್ತುಹಾಕಿದಳು. ಅದು ಒಂದು ಮನೆ. ಊರಿನ ಎಲ್ಲ ಬಾಗಿಲು ತಟ್ಟಲು ನನ್ನೊಬ್ಬನಿಂದ ಆಗುವುದಿಲ್ಲ, ತಮ್ಮಿಂದ ಆಗುತ್ತದೆ. ಹಂಚಿದ್ದನ್ನು ಈ ವಾರವೇ ವಾಪಸು ತರಿಸಿ. ‘ಗ್ಯಾಸ್ ಗೀಸರ್ ಅಥವಾ ಒಲೆ ಇರುವ ಕೋಣೆಯ ಗವಾಕ್ಷಿಯನ್ನು ಎಂದೂ ಮುಚ್ಚಬೇಡಿ’ ಎಂಬುದು ಹೊಸ ಕರಪತ್ರದ ಮೊದಲ ಸಾಲಾಗಲಿ. ಅದರಿಂದ ಕಚೇರಿಯ ಮೇಲೆ ತಪ್ಪು ಬರುತ್ತದೆಂಬ ಅಂಜಿಕೆ ಇದ್ದರೆ, ತಪ್ಪೆಲ್ಲ ನನ್ನದೇ ಎಂದು ಸಹಿ ಹಾಕಿ ಕೊಡುತ್ತೇನೆ. ವಾಕ್ಯ ಮೊದಲು ಅಚ್ಚಾಗಲಿ.

ಇಂತಿ,
ತಮ್ಮ ಸಲಹೆಗಳನ್ನೆಲ್ಲ ಪಾಲಿಸಿದ ಮನೆಯಲ್ಲಿ ಉಳಿದಿರುವ ಒಬ್ಬ