ಏಳನೆಯ ಗ್ಲಾಸು

ಅಣ್ಣನಿಗೆ,

ಅಪ್ಪ ಕಟ್ಟಿದ ಬಾರು ನಿನ್ನ ಕೈಗೆ ಬಂತು, ಬುದ್ಧಿ ಮಾತ್ರ ಬರಲಿಲ್ಲ. ಕಪ್ಪು ಬಿಯರಿಗೆ ಹೊಟ್ಟೆ ಅಗಲದ ಗ್ಲಾಸು, ಗೋಧಿ ಬಿಯರಿಗೆ ಉದ್ದನೆಯದು ಎಂದು ಅವರು ನಮ್ಮಿಬ್ಬರಿಗೂ ತಲೆ ಚಚ್ಚಿಕೊಂಡು ಹೇಳಿಕೊಟ್ಟಿದ್ದರು. ನಿನ್ನೆ ನಾನೇ ಅವರನ್ನು ಅಲ್ಲಿಗೆ ಕರೆತಂದರೆ, ನೀನು ಫ್ರೀಜರಿನಲ್ಲಿಟ್ಟ ದಪ್ಪ ಮಗ್ಗಿಗೆ ಕಪ್ಪು ಬಿಯರು ಸುರಿದುಕೊಟ್ಟೆ. ಆ ಚಳಿಗೆ ಅದರ ಪರಿಮಳವೇ ಸತ್ತುಹೋಗಿತ್ತು. ಅವರು ಅದನ್ನೇ ಕುಡಿದರು.

"ಹೇಗಿದೆ ಅಪ್ಪಾ?" ಎಂದು ನೀನು ಹಲ್ಲು ಕಿಸಿದೆ.

"ತಣ್ಣಗಿದೆ ಕಣೋ" ಎಂದರು. ಅದನ್ನೂ ಹೊಗಳಿಕೆ ಅಂದುಕೊಂಡೆಯಲ್ಲ!

ಅವರ ಹಳೆಯ ಆರು ಗ್ಲಾಸುಗಳನ್ನು ಪೇಪರು ಸುತ್ತಿ ನನ್ನ ಮನೆಗೆ ಕಳಿಸು. ನೀನು ಬರಬೇಡ. ಅವರು ನಿನ್ನ ಹೆಸರು ಕೆತ್ತಿಸಿದ್ದ ಏಳನೆಯದು ಅಲ್ಲೇ ಇರಲಿ. ಅದೆಲ್ಲಿ ಎಂದು ಅಪ್ಪ ಕೇಳಿದರು. ಒಡೆದುಹೋಯಿತು ಅಂದೆ ನಾನು.

ಇನ್ನೂ ನಿನ್ನ ತಂಗಿಯೇ ಆಗಿರುವವಳು