ಮೊದಲನೇ ಬ್ಯಾಡ

ಕೆಮ್ನಿಟ್ಸ್, ಜರ್ಮನಿ
೬ ಜನವರಿ ೨೦೨೫

ಪ್ರೀತಿಯ ಅವ್ವಗ,

ವೈಶಾಲಿಯ ನಮಸ್ಕಾರ. ನಿನ್ನ ಮೊಣಕಾಲು ಹೇಗಿದೆ? ಬಿ.ಪಿ. ಗುಳಿಗೆ ತಪ್ಪಿಸಬೇಡ. ಬನಹಟ್ಟಿಯಲ್ಲಿ ಸಿಗದಿದ್ದರೆ ತಮ್ಮ ಶಿವಪುತ್ರನಿಗೆ ಹೇಳು, ಜಮಖಂಡಿಯಿಂದ ತರುತ್ತಾನೆ. ನಾನು ಆರಾಮ ಇದ್ದೇನೆ. ಉಣ್ಣುತ್ತೇನೆ, ಕ್ಲಾಸಿಗೆ ಹೋಗುತ್ತೇನೆ. ಫೋನು ಬಿಟ್ಟು ಕಾಗದ ಯಾಕೆ ಅಂದರೆ, ನಿನ್ನ ಫೋನು ಯಾವಾಗಲೂ ಸ್ಪೀಕರಿನ ಮೇಲೆ ಇರುತ್ತದೆ, ಪಕ್ಕದಲ್ಲಿ ಗಿರಿಮಲ್ಲಪ್ಪ ದೊಡ್ಡಪ್ಪ ಕೂತಿರುತ್ತಾನೆ. ನನಗೆ ನಿನ್ನೊಬ್ಬಳ ಹತ್ತಿರ ಮಾತಾಡಬೇಕಿದೆ.

ಅಪ್ಪ ಹೋಗಿ ಇಂದಿಗೆ ಇಪ್ಪತ್ತೊಂದು ದಿನ. ನನಗೆ ಇನ್ನೂ ಅಳು ಬಂದಿಲ್ಲ. ದೂರು ಎಂದು ತಿಳಿಯಬೇಡ, ಸುದ್ದಿ ಹೇಳುತ್ತಿದ್ದೇನೆ. ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಆಮೇಲೆ ಬಟ್ಟೆ ಒಗೆದೆ. ಮಧ್ಯಾಹ್ನ ಕಾಲೇಜಿನ ನೇಯ್ಗೆ ಪ್ರಯೋಗಶಾಲೆಗೆ ಹೋಗಿ ಮಗ್ಗದ ಮುಂದೆ ನಿಂತೆ. ನಮ್ಮೂರ ಮಗ್ಗದಂತಲ್ಲ, ಇಲ್ಲಿನದು ಗಾಜಿನ ಪೆಟ್ಟಿಗೆಯೊಳಗೆ ನಡೆಯುತ್ತದೆ, ಸಪ್ಪಳ ಹೊರಗೆ ಬರುವುದಿಲ್ಲ. ಮೂರು ಎಳೆ ಹರಿದಿದ್ದವು, ಗಂಟು ಹಾಕಿದೆ. ಕೈ ಚುರುಕಿದೆ ಎಂದು ಮಾಸ್ತರು ಹೊಗಳಿದರು. ಸಾವಿನ ರಜೆ ಎರಡು ದಿನ ಇದೆಯಂತೆ. ಸತ್ತವರು ಎಷ್ಟು ಹತ್ತಿರದ ಸಂಬಂಧಿ ಎಂದು ಅರ್ಜಿಯಲ್ಲಿ ಗುರುತು ಹಾಕಬೇಕು. ಹಾಕಲಿಲ್ಲ.

ಇಲ್ಲಿಗೆ ಬರುವ ಮುಂಚೆ ನಮ್ಮೂರ ವಾಚನಾಲಯದಲ್ಲಿದ್ದ ಪ್ರವಾಸದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದೆ. ರೈಲು ವೇಳೆಗೆ ಬರುತ್ತದೆ, ರಸ್ತೆಯಲ್ಲಿ ಕಸ ಇಲ್ಲ, ಇದನ್ನೇ ಎಲ್ಲರೂ ಬರೆದಿದ್ದಾರೆ. ಬೇಡ ಅಂದರೆ ಇವರು ನಂಬಿಬಿಡುತ್ತಾರೆ ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ. ಅಕ್ಟೋಬರಿನಲ್ಲಿ ಪಕ್ಕದ ಕೋಣೆಯ ಲೀನಾ ತನ್ನ ತಾಯಿಯ ಮನೆಗೆ ಕರೆದುಕೊಂಡು ಹೋಗಿದ್ದು ನಿನಗೆ ಹೇಳಿದ್ದೆನಲ್ಲ. ಬಡಿಸಲು ಬಂದಾಗ ನಮ್ಮ ರೂಢಿಯಂತೆ ಬೇಡ ಅಂದೆ. ಆ ತಾಯಿ ಸರಿ ಎಂದು ತಟ್ಟೆಯನ್ನು ಒಳಗೆ ಒಯ್ದೇಬಿಟ್ಟಳು. ಹಸಿದು ಬಂದು, ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನು ಬ್ರೆಡ್ಡಿಗೆ ಹಚ್ಚಿ ತಿಂದೆ. ಅಪ್ಪ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. "ಮೂರ ಸಲ ಬ್ಯಾಡ ಅನ್ನದ ನಮ್ಮ ಮಂದಿ ತಾಟಿಗೆ ಕೈ ಹಚ್ಚಂಗಿಲ್ಲ. ಅಲ್ಲಿ ಬಂದ್ರ ನಮ್ಮ ಬೀಗರೆಲ್ಲ ಉಪವಾಸ ಬೀಳ್ತಾರ ನೋಡ!"

ಅಪ್ಪನ ಸುದ್ದಿ ಬಂದ ದಿನ ಲೀನಾ ಬಾಗಿಲಲ್ಲಿ ನಿಂತು, ನಿನ್ನ ಜೊತೆ ಕೂರಲೇ ಎಂದು ಕೇಳಿದಳು. ಬೇಡ ಅಂದೆ. ಹೋದಳು. ಸಂಜೆ ಬಾಗಿಲ ಕೆಳಗಿನಿಂದ ಸಂತಾಪದ ಒಂದು ಬಿಳಿ ಕಾರ್ಡು ತೂರಿಸಿದಳು. ಮೂರು ದಿನ ಅವಳ ಮೇಲೆ ಎಂಥ ಸಿಟ್ಟು ನನಗೆ! ಅಜ್ಜಿ ತೀರಿದಾಗ ನಾನು ಆರನೇ ಇಯತ್ತೆ ಓದುತ್ತಿದ್ದೆ, ಎಲ್ಲ ನೆನಪಿದೆ. ಊಟ ಒಲ್ಲೆ ಎಂದು ನೀನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಎದುರು ಮನೆಯ ಯಲ್ಲಕ್ಕ ಅನ್ನ ಕಲಸಿಕೊಂಡು ಬಂದು ನಿನ್ನ ಗದ್ದ ಹಿಡಿದಳು. "ಬಾಯಿ ತಗಿ ಬೇ ರತ್ನಾ. ನೀ ಒಲ್ಲೆ ಅಂದ್ರ ಎದ್ದು ಹೋಗಾಕ ನಾ ಏನ ಹೊರಗಿನಾಕಿ?" ನೀನು ಒಂದು ತುತ್ತು ನುಂಗಿದೆ, ಆಮೇಲೆ ಅತ್ತುಬಿಟ್ಟೆ. ಲೀನಾ ಕೆಟ್ಟವಳಲ್ಲ. ನಾನು ಹೇಳಿದ್ದನ್ನು ನಂಬಿದಳು, ಅಷ್ಟೆ.

ಆ ಸಿಟ್ಟು ಈಗ ನನ್ನ ಮೇಲೆ ಬಂದು ನಿಂತಿದೆ. ಅಪ್ಪ ಹೋದ ದಿನ ಫೋನಿನಲ್ಲಿ ನೀನು "ಬರಬ್ಯಾಡವಾ, ಪರೀಕ್ಷಾ ಐತಿ" ಅಂದೆ. ಒಂದೇ ಸಲ ಅಂದೆ. ನಾನು ಹೂಂ ಎಂದು ಫೋನು ಇಟ್ಟೆ. ಮೂರು ತಿಂಗಳಲ್ಲಿ ನನ್ನ ಕಿವಿಯೂ ಇಲ್ಲಿಯವರ ಹಾಗೆ ಪಳಗಿತ್ತು. ಹಿಂದಿನಿಂದ ದೊಡ್ಡಪ್ಪ "ಬಂದ್ರೂ ಮಣ್ಣ ಸಿಗಂಗಿಲ್ಲ ಬಿಡ, ಅಲ್ಲೇ ಓದ್ಲಿ" ಅಂದ. ಹುಡುಗಿ ಗಟ್ಟಿ ಎಂದು ಈಗ ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಾನಂತೆ. ನಾನು ಕಾಲೇಜಿಗೆ ಹೊರಟಾಗ "ಹೆಣ್ಣಿಗೆ ಇಷ್ಟ್ಯಾಕ ಓದು" ಅಂದವನೂ ಇವನೇ. ಅಪ್ಪನ ಮಣ್ಣಿನ ದಿನ ಮಾತ್ರ ನನ್ನ ಓದು ಇವನಿಗೆ ದೊಡ್ಡದಾಯಿತು.

ಆ ಫೋನಿನ ನಂತರ ನೀನು ಬಹಳ ಹೊತ್ತು ಅದನ್ನು ಕೈಯಲ್ಲೇ ಹಿಡಿದು ಕೂತಿದ್ದೆ ಎಂದು ಶಿವಪುತ್ರ ಮೊನ್ನೆ ಹೇಳಿದ. ಅವ್ವ, ಖರೆ ಹೇಳು. ನಾನು ಮತ್ತೆ ಫೋನು ಹಚ್ಚುತ್ತೇನೆ ಎಂದು ಕಾದಿದ್ದೆಯಾ?

ಯಲ್ಲಕ್ಕನಿಗೆ ನನ್ನ ಶರಣು. ಊಟ ಬಿಟ್ಟು ದುಡಿಯಬೇಡ ಎಂದು ಶಿವಪುತ್ರನಿಗೆ ಹೇಳು.

ನಿನ್ನ ಪಾದ ಮುಟ್ಟಿ,
ವೈಶಾಲಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಟಿಕೆಟ್ ತೆಗೆಸಿದೆ. ಇಪ್ಪತ್ತೆಂಟಕ್ಕೆ ಬೆಳಗಾವಿಗೆ ಬಂದು ಇಳಿಯುತ್ತೇನೆ, ಅಲ್ಲಿಂದ ಬಸ್ಸು. ಪರೀಕ್ಷೆಯನ್ನು ಬೇಸಿಗೆಯಲ್ಲಿ ಬರೆಯಬಹುದು, ಕೇಳಿದ್ದೇನೆ. ಕಾಗದ ಮುಟ್ಟಿದ ಕೂಡಲೇ ಫೋನು ಹಚ್ಚಿ ಬರಬ್ಯಾಡ ಅನ್ನುತ್ತಿ, ಗೊತ್ತು. ಎಷ್ಟು ಸಲ ಬೇಕಾದರೂ ಅನ್ನು, ನಾನು ಕೇಳುವುದಿಲ್ಲ.